ತೊಳೆದು ಕಳುಹಿಸಿದ ಹಣ್ಣು

“ಗುರುಗಳೇ, ನನ್ನ ಸಂಶಯಗಳು ತೀರುವ ಮೊದಲೇ ನನ್ನನ್ನು ಏಕೆ ಕಳುಹಿಸುತ್ತಿದ್ದೀರಿ?”

ಕೇಳಿದವನು ಮುರಿಗೆಯ್ಯ. ಬೆಟ್ಟದ ಮಠದಲ್ಲಿ ಬಹುಕಾಲ ಓದಿದವನು. ಬಯಲಿನ ಪೇಟೆಯಲ್ಲಿ ಆ ಮಠಕ್ಕೆ ಒಂದು ಶಾಖೆ ಇತ್ತು. ಅದನ್ನು ನಡೆಸಲು ಗುರುಗಳು ಅವನನ್ನು ನೇಮಿಸಿದ್ದರು. ಮರುದಿನ ಅವನು ಹೊರಡಬೇಕಾಗಿತ್ತು. ಬಟ್ಟೆಯ ಗಂಟನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ, ಕೊನೆಗೆ ಅದನ್ನು ಅಲ್ಲಿಯೇ ಬಿಟ್ಟು ಗುರುಗಳ ಬಳಿಗೆ ಬಂದಿದ್ದ.

“ಒಂದು ಸಂಶಯ ತೀರಿತೆಂದುಕೊಂಡರೆ ಅದರೊಳಗಿನಿಂದ ಇನ್ನೊಂದು ತಲೆ ಎತ್ತುತ್ತದೆ” ಎಂದು ಅವನು ಹೇಳಿದ. “ಅಲ್ಲಿಯ ಜನ ನನ್ನನ್ನು ಪ್ರಶ್ನೆ ಕೇಳುತ್ತಾರೆ. ನಾನು ಉತ್ತರ ಹೇಳುವಾಗ ಮಾತಿನ ನಡುವೆ ನನ್ನ ಸಂಶಯವೇ ಹೊರಬಿದ್ದರೆ ಮಠದ ಮರ್ಯಾದೆ ಏನಾಗಬೇಕು? ಇನ್ನೊಂದು ವರ್ಷ ನನ್ನನ್ನು ಇಲ್ಲಿಯೇ ಇರಿಸಿಕೊಳ್ಳಿ. ಎಲ್ಲವನ್ನೂ ತೆಗೆದುಹಾಕಿ. ಆಮೇಲೆ ಕಳುಹಿಸಿ.”

ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಅನಂತರ ಈ ಕತೆಯನ್ನು ಹೇಳಿದರು.

ಬೆಟ್ಟದ ಮೇಲೆ ಒಬ್ಬ ರೈತನಿದ್ದ. ಅವನಿಗೆ ಹೆಂಡತಿ ಮತ್ತು ಒಬ್ಬಳೇ ಮಗಳು. ಅವನ ಹೊಲದ ಸುತ್ತ ಮುಳ್ಳುಬಳ್ಳಿಯ ಬೇಲಿ ಇತ್ತು. ಆ ಬಳ್ಳಿ ವರ್ಷಕ್ಕೊಮ್ಮೆ ಕಪ್ಪು ಹಣ್ಣು ಬಿಡುತ್ತಿತ್ತು. ಸಣ್ಣ ಮಣಿಗಳನ್ನು ಒತ್ತಾಗಿ ಜೋಡಿಸಿದಂತಹ ಹಣ್ಣು. ಪೇಟೆಯವರು ಅದನ್ನು ಬ್ಲ್ಯಾಕ್‌ಬೆರಿ ಎನ್ನುತ್ತಾರೆ. ಬೆಟ್ಟದವರಿಗೆ ಅದು ಬೇಲಿಹಣ್ಣು. ಮಗಳು ಆ ಬೇಲಿಯ ಪಕ್ಕದಲ್ಲಿಯೇ ಬೆಳೆದವಳು. ಹಣ್ಣಿನ ಕಾಲದಲ್ಲಿ ಅವಳ ನಾಲಿಗೆ ಸದಾ ಕಪ್ಪಾಗಿಯೇ ಇರುತ್ತಿತ್ತು.

ಮಗಳನ್ನು ಬಯಲಿನ ಒಬ್ಬ ವ್ಯಾಪಾರಿಯ ಮಗನಿಗೆ ಕೊಟ್ಟಿದ್ದರು. ಬೆಟ್ಟದಿಂದ ಬೆಳಿಗ್ಗೆ ಹೊರಟ ಗಾಡಿ ಮರುದಿನ ಬೆಳಿಗ್ಗೆ ಆ ಪೇಟೆಯನ್ನು ಮುಟ್ಟುತ್ತಿತ್ತು. ವ್ಯಾಪಾರಿಯ ಹೆಂಡತಿ ಶುಚಿಗೆ ಹೆಸರಾದವಳು. ಸೋಸಿದ ನೀರನ್ನು ಮತ್ತೊಮ್ಮೆ ಸೋಸಿ ಕುಡಿಯುವವಳು. ನಿಶ್ಚಿತಾರ್ಥದ ದಿನ ರೈತನ ಹೆಂಡತಿ ಎಲ್ಲರ ಎದುರಿಗೂ ಪಾನಕ ಇಟ್ಟಳು. ವ್ಯಾಪಾರಿಯ ಹೆಂಡತಿ ತನ್ನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. ಅದರಲ್ಲಿ ಒಂದು ಇರುವೆ ತೇಲುತ್ತಿತ್ತು.

“ಏನು ಬೀಗತಿ, ನಿಮ್ಮ ಕಡೆ ಇರುವೆಗಳಿಗೂ ಅಕ್ಷತೆ ಕೊಟ್ಟು ಕರೆಯುತ್ತೀರಾ?”

ನೆರೆದವರು ನಕ್ಕರು. ರೈತನ ಹೆಂಡತಿಯೂ ನಕ್ಕಳು. ಆದರೆ ಆ ಮಾತು ಅವಳ ಎದೆಯಲ್ಲಿ ಉಳಿಯಿತು.

ಮಗಳು ಬಸುರಿಯಾದಳು. ಒಂದು ದಿನ ಗಾಡಿಯವನು ಸುದ್ದಿ ತಂದ.

“ತಾಯಿ, ನಿನ್ನ ಮಗಳ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ. ನೀರು ಕುಡಿದರೂ ವಾಂತಿ. ಹಾಸಿಗೆ ಹಿಡಿದಿದ್ದಾಳೆ. ಬೇಲಿಹಣ್ಣು ಬೇಕಂತೆ. ಆ ಮನೆಯಲ್ಲಿ ದ್ರಾಕ್ಷಿ ತಂದರು, ದಾಳಿಂಬೆ ತಂದರು. ಎಲ್ಲವನ್ನೂ ನೋಡಿ ಮುಖ ತಿರುಗಿಸುತ್ತಾಳಂತೆ. ಮಾಡುವುದನ್ನು ಬೇಗ ಮಾಡು. ಬಸುರಿಯ ಬಯಕೆ ಉಳಿದರೆ ಮಗುವಿನ ಕಿವಿ ಸೋರುತ್ತದೆ ಅನ್ನುತ್ತಾರೆ. ಇಲ್ಲಿ ಮಗುವಿನ ಮಾತು ಹಾಗಿರಲಿ, ತಾಯಿಯೇ ಉಳಿಯಬೇಕಲ್ಲ.”

ರೈತನ ಹೆಂಡತಿ ಆಗಲೇ ಬೇಲಿಗೆ ಹೋದಳು. ಕೈಗೆ ಮುಳ್ಳು ತಾಗಿದ್ದು ಅವಳಿಗೆ ತಿಳಿಯಲಿಲ್ಲ. ಬುಟ್ಟಿ ತುಂಬ ಹಣ್ಣು ಬಿಡಿಸಿದಳು. ಬುಟ್ಟಿಯ ಮೇಲೆ ಎಲೆ ಮುಚ್ಚುವಾಗ ಬೀಗತಿಯ ಮಾತು ನೆನಪಾಯಿತು. ಈ ಹಣ್ಣಿನಲ್ಲಿ ಕೆಲವೊಮ್ಮೆ ಹುಳು ಇರುತ್ತದೆ ಎಂದು ಯಾರೋ ಹೇಳಿದ್ದನ್ನು ಅವಳು ಕೇಳಿದ್ದಳು. ಉಪ್ಪುನೀರಿನಲ್ಲಿ ಮುಳುಗಿಸಿದರೆ ಹುಳು ಹೊರಗೆ ಬರುತ್ತದೆ ಎಂಬುದನ್ನೂ ಕೇಳಿದ್ದಳು. ತಾನು ಮಾತ್ರ ಎಂದೂ ಹಾಗೆ ಮಾಡಿರಲಿಲ್ಲ.

ಒಂದು ಅಗಲವಾದ ಪಾತ್ರೆಯಲ್ಲಿ ನೀರು ತುಂಬಿ, ಉಪ್ಪು ಕರಗಿಸಿ, ಹಣ್ಣನ್ನು ಅದರಲ್ಲಿ ಬಿಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಹಣ್ಣಿನ ಮಣಿಗಳ ಸಂದಿನಿಂದ ದಾರದ ತುಂಡಿನಂತಹ ಬಿಳಿಯ ಹುಳು ಹೊರಳುತ್ತ ಮೇಲೆ ಬಂತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತ ನೀರೆಲ್ಲ ಮಿಸುಕತೊಡಗಿತು.

ಅವಳು ಹಿಂದಕ್ಕೆ ಸರಿದಳು. ಹುಟ್ಟಿದಾಗಿನಿಂದ ಈ ಹಣ್ಣನ್ನು ತಿಂದಿದ್ದಳು. ಮಗಳಿಗೆ ತಿನ್ನಿಸಿದ್ದಳು. ಬೇಲಿಯಲ್ಲಿ ಉಳಿದಿದ್ದ ಒಂದು ಹಣ್ಣನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಅದೇ ಹಣ್ಣು, ಅದೇ ರುಚಿ. ನುಂಗಲು ಆಗಲಿಲ್ಲ. ಉಗುಳಲೂ ಮನಸ್ಸು ಬರಲಿಲ್ಲ. ಹಣ್ಣು ಬಾಯಿಯಲ್ಲಿಯೇ ಇತ್ತು. ಇಷ್ಟು ವರ್ಷ ತಾನು ತಿಂದದ್ದು ಏನು ಎಂದು ಅವಳಿಗೆ ತಿಳಿಯದಾಯಿತು.

ಆದರೂ ಕೆಲಸ ನಿಲ್ಲಿಸಲಿಲ್ಲ. ಹುಳುಗಳನ್ನು ಚೆಲ್ಲಿ, ಹಣ್ಣನ್ನು ಶುದ್ಧವಾದ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರವಿ, ಬುಟ್ಟಿಗೆ ತುಂಬಿ, ಹೊಸ ಬಟ್ಟೆಯಿಂದ ಬಾಯಿ ಕಟ್ಟಿದಳು. “ಇನ್ನು ಯಾರು ಬೇಕಾದರೂ ಬೆಳಕಿಗೆ ಹಿಡಿದು ನೋಡಲಿ” ಎಂದುಕೊಂಡಳು. ಬುಟ್ಟಿ ಗಾಡಿಯಲ್ಲಿ ಹೋಯಿತು.

ಗಾಡಿ ಹಿಂತಿರುಗಿದಾಗ ಗಾಡಿಯವನು ಅವಳ ಮುಖ ನೋಡಲಿಲ್ಲ.

“ಏನಾಯಿತು? ತಿಂದಳೇ?”

“ಬುಟ್ಟಿ ಬಿಚ್ಚಿದರೆ ಬೂಷ್ಟು, ತಾಯಿ. ಮೇಲೆ ಬಿಳಿ ಅರಳೆ, ಕೆಳಗೆ ರಸ. ಹಸುವಿಗೆ ಹಾಕಿದರು. ಅದೂ ಮೂಸಿ ಹಿಂದಕ್ಕೆ ಹೋಯಿತು. ನಿನ್ನ ಬೀಗತಿ ಕೇಳಿದರು, ‘ಇವರಮ್ಮ ಹಣ್ಣು ಕಳುಹಿಸಿದ್ದೋ ಹೆಂಡ ಕಳುಹಿಸಿದ್ದೋ’ ಅಂತ.”

“ನನ್ನ ಮಗಳು?”

“ಅತ್ತಳು. ಬುಟ್ಟಿಯನ್ನು ಹತ್ತಿರ ತರಿಸಿಕೊಂಡು ಮೂಸಿದಳು. ಮತ್ತೆ ಅತ್ತಳು.”

ಇಷ್ಟರಲ್ಲಿ ಮುರಿಗೆಯ್ಯ ಬಾಯಿ ಹಾಕಿದ. “ಗುರುಗಳೇ, ಆ ತಾಯಿ ಮಾಡಿದ್ದರಲ್ಲಿ ತಪ್ಪೇನು? ಹುಳುವನ್ನು ತೆಗೆಯುವುದು ತಪ್ಪೇ?”

“ತಪ್ಪು ಎಂದು ನಾನು ಹೇಳಿದೆನೇ?” ಎಂದು ಗುರುಗಳು ಕೇಳಿದರು. ಅನಂತರ ಕತೆಯನ್ನು ಮುಂದುವರಿಸಿದರು.

ರೈತನ ಹೆಂಡತಿ ಗಂಡನನ್ನು ಕೇಳಿದಳು. ಅವನು ನೇಗಿಲಿನ ಹಗ್ಗ ಬಿಗಿಯುತ್ತಿದ್ದ.

“ತೊಳೆಯದೆ ಕಳುಹಿಸು” ಎಂದ.

“ಹುಳು?”

“ನಾವು ತಿನ್ನಲಿಲ್ಲವೇ? ಅದೂ ಹಣ್ಣನ್ನೇ ತಿಂದು ಬೆಳೆದದ್ದು. ಅದರೊಳಗೆ ಇನ್ನೇನಿರುತ್ತದೆ?”

“ನಿಮ್ಮ ಹೊಟ್ಟೆಯ ಮಾತಲ್ಲ ಇದು. ಆ ಮನೆಯ ಕಣ್ಣಿನ ಮಾತು.”

“ಹಾಗಾದರೆ ಹುಳು ಇದೆ, ಉಪ್ಪುನೀರಿಗೆ ಹಾಕಿಕೊಳ್ಳಿ ಎಂದು ಹೇಳಿ ಕಳುಹಿಸು.”

“ಹೇಳಿ ಕಳುಹಿಸುವುದೇ? ನಮ್ಮ ಹಣ್ಣಿನಲ್ಲಿ ಹುಳು ಇದೆ ಎಂದು ಬೀಗರ ಮನೆಗೆ ನಾನೇ ಡಂಗುರ ಹೊಡೆಸಲೇ? ನಾಳೆ ಅವಳು ಹೆರುತ್ತಾಳೆ. ನಾಡಿದ್ದು ಮಗುವಿಗೆ ಹೆಸರಿಡುತ್ತಾರೆ. ಅಲ್ಲಿಯೂ ಇದೇ ಮಾತು ಬರುತ್ತದೆ. ಬೆಟ್ಟದವರು, ಹುಳು ತಿನ್ನುವವರು ಎಂದು.”

ಗಂಡ ಹಗ್ಗವನ್ನು ಮತ್ತೆ ಬಿಗಿದ. “ಮೊದಲು ಅವಳು ಹೆರಲಿ” ಎಂದಷ್ಟೇ ಹೇಳಿದ.

ನೆರೆಮನೆಯ ಹೆಂಗಸು ಬೇರೆ ದಾರಿ ಹೇಳಿದಳು. ಬೆಲ್ಲ ಹಾಕಿ ಕುದಿಸಿದರೆ ಹುಳುವೂ ಉಳಿಯುವುದಿಲ್ಲ, ಹಣ್ಣೂ ಕೆಡುವುದಿಲ್ಲ. ರೈತನ ಹೆಂಡತಿ ಹಾಗೆಯೇ ಮಾಡಿದಳು. ಮೊದಲು ಉಪ್ಪುನೀರು, ಆಮೇಲೆ ಶುದ್ಧ ನೀರು, ಆಮೇಲೆ ಬೆಲ್ಲ, ಬೆಂಕಿ. ಮಡಕೆಯ ಬಾಯಿಗೆ ಮೇಣದ ಬಟ್ಟೆ ಕಟ್ಟಿ ಕಳುಹಿಸಿದಳು. ಮಡಕೆ ಕೆಡದೆ ಮುಟ್ಟಿತು. ಬೀಗತಿ ಬೆರಳಿನಿಂದ ರುಚಿ ನೋಡಿ, “ಬೆಲ್ಲದ ಹದ ಚೆನ್ನಾಗಿದೆ” ಎಂದಳಂತೆ. ಮಗಳು ಒಂದು ಚಮಚ ಬಾಯಿಗೆ ಇಟ್ಟುಕೊಂಡಳು. “ಇದು ಅದಲ್ಲ” ಎಂದಳು. ಅದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅವಳಿಗೆ ಬೇಕಾಗಿದ್ದುದು ಹಸಿ ಹಣ್ಣಿನ ಹುಳಿ. ಬೆಂಕಿ ಹುಳುವಿನ ಜೊತೆಗೆ ಅದನ್ನೂ ತೆಗೆದುಬಿಟ್ಟಿತ್ತು.

ಈಗ ರೈತನ ಹೆಂಡತಿಗೆ ದಿಕ್ಕು ತೋಚದಾಯಿತು. ಬೇಲಿಯ ಬುಡದಲ್ಲಿ ಕುಳಿತು ಒಂದೊಂದೇ ಹಣ್ಣನ್ನು ಮುಳ್ಳಿನ ಮೊನೆಯಿಂದ ಸೀಳಿ ನೋಡಿದಳು. ಹುಳು ಇಲ್ಲದ ಹಣ್ಣು ಸಿಕ್ಕರೆ ಅದನ್ನು ಮಾತ್ರ ಕಳುಹಿಸೋಣ ಎಂದುಕೊಂಡಳು. ಸೀಳಿ ನೋಡಿದ ಹಣ್ಣು ಹಣ್ಣಾಗಿ ಉಳಿಯಲಿಲ್ಲ. ಸೀಳದ ಹಣ್ಣಿನಲ್ಲಿ ಹುಳು ಇಲ್ಲವೆಂದು ಹೇಳುವವರು ಯಾರು? ಮಡಿಲಲ್ಲಿ ಚೂರುಗಳು, ಕೈಯಲ್ಲಿ ರಸ. ಸಂಜೆ ಗಂಡ ಹೊಲದಿಂದ ಬಂದಾಗಲೂ ಅವಳು ಅಲ್ಲಿಯೇ ಕುಳಿತಿದ್ದಳು.

“ತೊಳೆದರೆ ಕೊಳೆಯುತ್ತದೆ. ಕುದಿಸಿದರೆ ಹಣ್ಣಲ್ಲ. ಸೀಳಿದರೆ ಉಳಿಯುವುದಿಲ್ಲ. ಹಾಗೆಯೇ ಬಿಟ್ಟರೆ ಹುಳು” ಎಂದಳು. “ದೇವರು ಈ ಹಣ್ಣನ್ನು ಯಾರಿಗೆ ಎಂದು ಮಾಡಿದ?”

“ಹುಳುವಿಗೆ” ಎಂದ ಗಂಡ. ಆಮೇಲೆ ಆ ಮಾತನ್ನು ಆಡಬಾರದಿತ್ತು ಎಂದುಕೊಂಡು ಒಳಗೆ ಹೋದ.

ಮರುದಿನ ಗಾಡಿಯವನು ಮತ್ತೆ ಬಂದ. ಈ ಸಲ ಅವನು ಸುತ್ತುಬಳಸಿ ಮಾತಾಡಲಿಲ್ಲ.

“ಮಗಳು ಎದ್ದು ಕೂರುತ್ತಿಲ್ಲ. ವೈದ್ಯರು ಬಂದು ಹೋದರು. ಏನಾದರೂ ಒಂದು ಒಳಗೆ ನಿಂತರೆ ಮಾತ್ರ ಇಬ್ಬರೂ ಉಳಿಯುತ್ತಾರೆ ಎಂದರು. ನೀನು ಏನು ಕಳುಹಿಸುತ್ತೀಯೋ ಕಳುಹಿಸು. ಬೇಲಿಯೂ ಬರಿದಾಗುತ್ತಿದೆ.”

ರೈತನ ಹೆಂಡತಿ ಹಣ್ಣು ಬಿಡಿಸಿದಳು. ಇಬ್ಬನಿ ಆರಿದ ಮೇಲೆ ಬಿಡಿಸಿದಳು. ಒಂದು ಅಗಲವಾದ ಮೊರದಲ್ಲಿ ಒಣ ಎಲೆ ಹಾಸಿ, ಹಣ್ಣಿನ ಮೇಲೆ ಹಣ್ಣು ಬೀಳದಂತೆ ಇಟ್ಟಳು. ನೀರು ಸೋಕಿಸಲಿಲ್ಲ. ತೊಳೆಯದ ಹಣ್ಣು ಮನೆಯಲ್ಲಿ ಮರುದಿನವೂ ಗಟ್ಟಿಯಾಗಿರುವುದನ್ನು ಈ ನಡುವೆ ಅವಳು ಗಮನಿಸಿದ್ದಳು. ಆಮೇಲೆ ಮೊರವನ್ನು ಗಾಡಿಯವನ ಕೈಗೆ ಕೊಡದೆ ತಾನೇ ಗಾಡಿ ಹತ್ತಿದಳು.

ದಾರಿಯುದ್ದಕ್ಕೂ ಅವಳು ಒಂದು ಉಪಾಯವನ್ನು ಮನಸ್ಸಿನಲ್ಲಿ ಮಡಚಿ ಇಟ್ಟುಕೊಂಡಿದ್ದಳು. ಬೀಗರ ಮನೆ ಸೇರಿದ ಕೂಡಲೇ ಹಿತ್ತಿಲಿಗೆ ಹೋಗುವುದು. ಯಾರೂ ನೋಡದ ಹಾಗೆ ಹಣ್ಣನ್ನು ಉಪ್ಪುನೀರಿಗೆ ಹಾಕುವುದು. ಹುಳುಗಳನ್ನು ಗಿಡದ ಬುಡಕ್ಕೆ ಚೆಲ್ಲುವುದು. ತೊಳೆದ ಹಣ್ಣನ್ನು ಬಟ್ಟಲಿನಲ್ಲಿ ಇಟ್ಟು, ಸೆರಗು ಸರಿಪಡಿಸಿಕೊಂಡು, ಪಡಸಾಲೆಗೆ ಬರುವುದು.

ಮನೆ ಸೇರಿದಾಗ ಎಲ್ಲರೂ ಮಗಳ ಕೋಣೆಯಲ್ಲಿದ್ದರು. ಬಾಗಿಲಿನಿಂದ ಮಗಳ ಮುಖ ನೋಡಿದಳು. ಒಳಗೆ ಹೋಗಲಿಲ್ಲ. ನೇರವಾಗಿ ಹಿತ್ತಿಲಿಗೆ ಹೋದಳು. ಕೆಲಸದವಳನ್ನು ಕೇಳಿ ಪಾತ್ರೆ ಪಡೆದಳು, ಉಪ್ಪು ಪಡೆದಳು. ಹಣ್ಣನ್ನು ನೀರಿನಲ್ಲಿ ಬಿಟ್ಟು ಅದರ ಮೇಲೆ ಬಾಗಿ ಕುಳಿತಳು. ಮೊದಲ ಹುಳು ಮೇಲೆ ಬಂತು. ಎರಡನೆಯದು ಬಂತು.

“ಏನದು, ಬೀಗತಿ?”

ವ್ಯಾಪಾರಿಯ ಹೆಂಡತಿ ಹಿಂದೆಯೇ ನಿಂತಿದ್ದಳು.

ರೈತನ ಹೆಂಡತಿ ಎರಡೂ ಕೈಗಳನ್ನು ಪಾತ್ರೆಯ ಮೇಲೆ ಹಿಡಿದಳು. ಬೆರಳುಗಳ ನಡುವಿನಿಂದ ಎಲ್ಲವೂ ಕಾಣುತ್ತಿತ್ತು.

“ಹುಳು” ಎಂದಳು.

“ಅದು ನನಗೂ ಕಾಣುತ್ತಿದೆ. ಎಲ್ಲಿಂದ ಬಂದವು?”

“ಹಣ್ಣಿನೊಳಗಿನಿಂದ.”

“ಮೊದಲು ಕಳುಹಿಸಿದ ಹಣ್ಣಿನಲ್ಲಿ ಇರಲಿಲ್ಲವಲ್ಲ?”

“ಅದನ್ನು ಮನೆಯಲ್ಲಿಯೇ ಉಪ್ಪುನೀರಿಗೆ ಹಾಕಿ, ಎಲ್ಲ ತೆಗೆದು, ತೊಳೆದು ಕಳುಹಿಸಿದ್ದೆ.”

“ತೊಳೆದು ಒಂದು ಹಗಲು ಒಂದು ರಾತ್ರಿ ಗಾಡಿಯಲ್ಲಿ ಇಟ್ಟಿರಿ.”

“ಹೌದು.”

ವ್ಯಾಪಾರಿಯ ಹೆಂಡತಿ ಅವಳ ಕೈಗಳನ್ನು ಪಾತ್ರೆಯ ಮೇಲಿನಿಂದ ಸರಿಸಿದಳು. ನೀರನ್ನು ಬಹಳ ಹೊತ್ತು ನೋಡಿದಳು. ಸೋಸಿದ ನೀರನ್ನು ಮತ್ತೆ ಸೋಸುವ ಆ ಹೆಂಗಸು ಇಷ್ಟು ದಿನವೂ ಸೊಸೆಯ ವಾಂತಿಯನ್ನು ಆಳುಗಳಿಗೆ ಬಿಡದೆ ತನ್ನ ಕೈಯಿಂದಲೇ ಒರೆಸಿದ್ದಳು. ರೈತನ ಹೆಂಡತಿಗೆ ಅದು ತಿಳಿದಿರಲಿಲ್ಲ. ಬೈಗುಳ ಯಾವಾಗ ಬರುತ್ತದೆ ಎಂದು ಅವಳು ತಲೆ ತಗ್ಗಿಸಿ ಕಾಯುತ್ತಿದ್ದಳು.

“ಉಪ್ಪು ಸಾಲದು” ಎಂದಳು ವ್ಯಾಪಾರಿಯ ಹೆಂಡತಿ.

ಒಳಗೆ ಹೋಗಿ ಹಿಡಿ ತುಂಬ ಉಪ್ಪು ತಂದು ನೀರಿಗೆ ಹಾಕಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ಕುಳಿತಳು. ಹುಳು ಬರುವುದು ನಿಂತ ಮೇಲೂ ಅವಳು ಬೀಗತಿಯನ್ನು ಏಳಗೊಡಲಿಲ್ಲ. “ಇನ್ನೂ ಇರುತ್ತವೆ. ತಾಳಿ” ಎಂದಳು. ನಿಜವಾಗಿಯೂ ಇನ್ನೂ ಇದ್ದವು. ಅನಂತರ ಆ ನೀರನ್ನು ಚೆಲ್ಲಿ, ಉಪ್ಪಿನ ರುಚಿ ಹೋಗುವವರೆಗೆ ಹಣ್ಣನ್ನು ತಾನೇ ತೊಳೆದು, ಬಟ್ಟಲಿಗೆ ಹಾಕಿ, ಅದನ್ನು ಬೀಗತಿಯ ಕೈಗೆ ಕೊಟ್ಟಳು.

“ಹೋಗಿ, ಈಗಲೇ ತಿನ್ನಿಸಿ. ಇನ್ನು ಇದು ಸಂಜೆಯವರೆಗೆ ಇರುವುದಿಲ್ಲ.”

ಮಗಳು ಹಣ್ಣನ್ನು ಕಂಡು ತಲೆ ಎತ್ತಿದಳು. “ಅವ್ವ” ಎಂದಳು. ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಕೋಣೆಯಲ್ಲಿದ್ದವರೆಲ್ಲ ಅವಳ ಗಂಟಲನ್ನು ನೋಡುತ್ತಿದ್ದರು. ಇನ್ನೊಂದು ಹಾಕಿಕೊಂಡಳು. ಅತ್ತೆ ಬಟ್ಟೆ ಹಿಡಿದು ಸಿದ್ಧವಾಗಿ ನಿಂತಿದ್ದಳು. ಬಟ್ಟೆ ಬೇಕಾಗಲಿಲ್ಲ. ಮಧ್ಯಾಹ್ನ ಮಗಳು ಎದ್ದು ಕುಳಿತಳು. ಸಂಜೆ ಗಂಜಿ ಕೇಳಿದಳು.

ಹಿಂತಿರುಗುವ ಗಾಡಿ ಬಾಗಿಲಿಗೆ ಬಂತು. ರೈತನ ಹೆಂಡತಿಗೆ ಇನ್ನೂ ಏನೂ ಅರ್ಥವಾಗಿರಲಿಲ್ಲ. ತನಗೆ ಮರ್ಯಾದೆ ಸಿಕ್ಕಿತೋ, ಮರ್ಯಾದೆ ಹೋಯಿತೋ ಎಂಬುದೂ ತಿಳಿಯಲಿಲ್ಲ. ಗಾಡಿ ಹತ್ತುವ ಮೊದಲು ಕೇಳಿಯೇಬಿಟ್ಟಳು.

“ಬೀಗತಿ, ಹುಳು ನೋಡಿ ನಿಮಗೆ ಅಸಹ್ಯವಾಗಲಿಲ್ಲವೇ?”

“ಆಯಿತು.”

“ಮತ್ತೆ ಬೈಯಲಿಲ್ಲ?”

“ಕೊಳೆತದ್ದು ಕಳುಹಿಸಿದಾಗ ಬೈದೆನಲ್ಲ” ಎಂದಳು ವ್ಯಾಪಾರಿಯ ಹೆಂಡತಿ. “ಮುಂದಿನ ಗಾಡಿಗೆ ಇನ್ನೊಂದು ಮೊರ ಬರಲಿ. ತೊಳೆಯಬೇಡಿ. ಈ ಮನೆಯಲ್ಲಿ ಉಪ್ಪಿಗೆ ಬರವಿಲ್ಲ.”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಮುರಿಗೆಯ್ಯ ಇನ್ನೂ ಏನೋ ಬರುತ್ತದೆ ಎಂದು ಕಾದ. ಏನೂ ಬರಲಿಲ್ಲ. ಅವನ ಹುಬ್ಬು ಗಂಟಿಕ್ಕಿತು.

“ಗುರುಗಳೇ, ನನಗೆ ಮೊದಲಿಗಿಂತ ಹೆಚ್ಚು ಗೊಂದಲವಾಗಿದೆ. ಹಣ್ಣು ಎಂದರೆ ನಾನು. ಅದು ತಿಳಿಯಿತು. ಹುಳು ಎಂದರೆ ನನ್ನ ಸಂಶಯ. ಅದೂ ತಿಳಿಯಿತು. ಆದರೆ ಸಂಶಯ ಕೆಟ್ಟದ್ದಲ್ಲ ಎಂದು ಹೇಳುತ್ತಿದ್ದೀರೋ? ಹಾಗಿದ್ದರೆ ಆ ಹೆಂಗಸು ಇನ್ನೊಂದು ಹಿಡಿ ಉಪ್ಪು ಏಕೆ ಹಾಕಿದಳು? ಕೆಟ್ಟದ್ದು ಎಂದು ಹೇಳುತ್ತಿದ್ದೀರೋ? ಹಾಗಿದ್ದರೆ ತೊಳೆಯಬೇಡಿ ಎಂದು ಏಕೆ ಹೇಳಿದಳು? ನನ್ನನ್ನು ಪ್ರಶ್ನೆ ಕೇಳುವ ಆ ಪೇಟೆಯ ಜನರೇ ಉಪ್ಪುನೀರೋ? ಅವರ ಎದುರಿನಲ್ಲಿ ನನ್ನೊಳಗಿರುವುದೆಲ್ಲ ಹೊರಗೆ ಬಂದು ತೇಲಬೇಕೋ? ನನಗೆ ನಾಚಿಕೆಯಾಗುತ್ತದೆ. ಇಲ್ಲಿಯೇ, ನಿಮ್ಮ ಎದುರಿನಲ್ಲಿಯೇ, ಎಲ್ಲ ಹೊರಗೆ ಹೋಗಲಿ ಎಂದು ಕೇಳಿದರೆ ಅದರಲ್ಲಿ ತಪ್ಪೇನು?”

ಗುರುಗಳು ಎದ್ದರು. ಅವನು ಬಿಟ್ಟುಬಂದಿದ್ದ ಬಟ್ಟೆಯ ಗಂಟನ್ನು ತಾವೇ ತಂದು ಅವನ ಮುಂದೆ ಇಟ್ಟರು.

“ಮುರಿಗೆಯ್ಯ, ಎಲ್ಲವನ್ನೂ ಇಲ್ಲಿಯೇ ತೆಗೆದು ಕಳುಹಿಸಿದರೆ ಅಲ್ಲಿಗೆ ಮುಟ್ಟುವುದು ಏನು?”